ಮಳೆ ಹಿಡಿಯೋದ್ರೊಳಗೆ ಯಾವ ಕೆಲಸ?

(ಶಿರಸಿಯಲ್ಲಿ ಕಾಲೇಜುಗಳ ಪ್ರಾಂಶುಪಾಲರು, ಅಧ್ಯಾಪಕರು, ಕಚೇರಿ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಮಟಾ, ಹೊನ್ನಾವರದ ಕಡೆಯವರು ದೇವಿಮನೆ ಘಟ್ಟ ಹತ್ತಿ ಬಂದಿದ್ದೀರಿ. ಕಾರವಾರದವರು ಬೆಳಗಿನ ಜಾವವೇ ಮನೆ ಬಿಟ್ಟಿರುತ್ತೀರಿ. ಆ ದಾರಿಯಿಂದಲೇ ಮಾತು ಶುರು ಮಾಡುತ್ತೇನೆ.

ನಮ್ಮ ಉತ್ತರ ಕನ್ನಡದಲ್ಲಿ ಕಾಲೇಜುಗಳಿಗೆ ಕೊರತೆ ಇಲ್ಲ. ಆದರೆ ಅವುಗಳ ವಿಶ್ವವಿದ್ಯಾಲಯಗಳು ಜಿಲ್ಲೆಯ ಹೊರಗಿವೆ. ಪದವಿ ಕಾಲೇಜುಗಳಿಗೆ ಧಾರವಾಡ, ಎಂಜಿನಿಯರಿಂಗ್‌ಗೆ ಬೆಳಗಾವಿ, ಕಾರವಾರದ ಮೆಡಿಕಲ್ ಕಾಲೇಜಿಗೆ ಬೆಂಗಳೂರು. ಇದೇ ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಇದೆ, ಅದರ ಮುಖ್ಯ ಕಚೇರಿಯೂ ಧಾರವಾಡವೇ. ಎಲ್ಲಿಯ ಕಚೇರಿಯಾದರೂ ಸರಿ, ಅಲ್ಲಿಯ ಒಂದು ಕೆಲಸ ಕಂಪ್ಯೂಟರಿನಲ್ಲಿ ಮುಗಿಯಲಿಲ್ಲ ಅಂದರೆ ನಮ್ಮ ಮಕ್ಕಳು ಬಸ್ ಹತ್ತಬೇಕು. ಘಟ್ಟದ ರಸ್ತೆಯಲ್ಲಿ ಒಂದು ದಿನ, ಕೆಲವೊಮ್ಮೆ ಎರಡು ದಿನ.

ನಾನು ಹಲವು ವರ್ಷ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ವಿಭಾಗದಲ್ಲಿ ಇದ್ದೆ. ಈ ಭಾಗದ್ದಲ್ಲ, ದೂರದ ಬಯಲುಸೀಮೆಯದು. ಹೆಸರು ಬೇಡ. ನಮ್ಮದು ಪಾಠದ ಕಂಪ್ಯೂಟರ್ ಕೆಲಸ ಅಲ್ಲ, ಆಡಳಿತದ್ದು. ಪ್ರವೇಶ, ಶುಲ್ಕ, ಪರೀಕ್ಷೆ, ಅಂಕಪಟ್ಟಿ, ಸಂಬಳ, ಹಾಸ್ಟೆಲ್, ಟಪ್ಪಾಲು, ಕಡತ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ, ಯಾವುದನ್ನು ಬೇಡವೇ ಬೇಡ ಅನ್ನಬೇಕು? ಆ ತೀರ್ಮಾನ ಯಾರು ಮಾಡಬೇಕು? ಇವತ್ತು ಇದೊಂದನ್ನೇ ಹೇಳಲಿಕ್ಕೆ ಬಂದಿದ್ದೇನೆ.

ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಮೂರು ಅಂಕಪಟ್ಟಿ. ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಬಿದ್ದಿತ್ತು. ಬ್ಯಾಂಕಿನ ಕೆಲಸಕ್ಕೆ ಆಯ್ಕೆಯಾಗಿದ್ದಳು, ದಾಖಲೆ ಪರಿಶೀಲನೆ ಮುಂದಿನ ವಾರ. ನಮ್ಮ ಕಡೆ ಇದು ಹೊಸ ಕಥೆ ಅಲ್ಲ. ಇಂಗ್ಲಿಷಿನಲ್ಲಿ ಹೆಗಡೆ ಅಂತ ಬರೆಯುವಾಗ ಜಿ ಆದಮೇಲೆ ಎ ಹಾಕುವವರು ಇದ್ದಾರೆ, ಬಿಡುವವರು ಇದ್ದಾರೆ. ಒಬ್ಬನೇ ಮನುಷ್ಯ ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು.

ಆಕೆ ರಾತ್ರಿ ಬಸ್ಸಿನಲ್ಲಿ ಬಂದಿದ್ದಳು. ಅದು ಮೂರನೇ ಸಲ. ಮೊದಲ ಸಲ ಚಲನ್ ತುಂಬಿ ಅರ್ಜಿ ಕೊಟ್ಟು ಹೋಗಿದ್ದಳು. ಎರಡನೇ ಸಲ ಬಂದಾಗ ವಿಷಯ ನಿರ್ವಾಹಕರು ರಜೆ. ಈ ಸಲ ಅವರು ಇದ್ದರು, ಆದರೆ ತಿದ್ದುಪಡಿ ಆಗಿರಲಿಲ್ಲ. ಯಾಕೆ ಅಂತ ನಾನು ಒಳಗೆ ಹೋಗಿ ವಿಚಾರಿಸಿದೆ. ಆ ಗುಮಾಸ್ತರು ಹೇಳಿದರು, "ಸರ್, ಹೆಸರು ತಿದ್ದುವ ಸ್ಕ್ರೀನು ನಮ್ಮ ಹತ್ತಿರ ಇಲ್ಲ. ಟಿಪ್ಪಣಿ ಬರೆದು ನಿಮ್ಮ ವಿಭಾಗಕ್ಕೇ ಕಳಿಸ್ತೇವೆ. ನಿಮ್ಮವರು ಶನಿವಾರ ಎಲ್ಲ ಸೇರಿಸಿ ತಿದ್ತಾರೆ."

ನನ್ನ ವಿಭಾಗವೇ ಕಾರಣ. ಆಗ ನನಗೆ ಎಷ್ಟು ನೋವಾಯಿತು ಅಂದರೆ, ವಾಪಸ್ ಬಂದು ನಮ್ಮ ಹುಡುಗರ ಹತ್ತಿರ ಕೂತು ಕೇಳಿದೆ. ಆ ಸ್ಕ್ರೀನು ಬೇಕು ಅಂತ ಪರೀಕ್ಷಾ ವಿಭಾಗ ಎರಡು ವರ್ಷದ ಹಿಂದೆಯೇ ಪತ್ರ ಬರೆದಿತ್ತು. ಮಾಡಲು ಎಷ್ಟು ದಿನ ಬೇಕು? ಎರಡು ವಾರ. ಗುಮಾಸ್ತರು ತಿದ್ದಬೇಕು, ಸೂಪರಿಂಟೆಂಡೆಂಟ್ ಒಪ್ಪಬೇಕು, ಹಳೇ ಹೆಸರು ಏನಿತ್ತು, ಯಾರು ಯಾವತ್ತು ಬದಲಿಸಿದರು ಅನ್ನುವುದು ದಾಖಲಾಗಬೇಕು. ಆ ಸ್ಕ್ರೀನಿನಿಂದ ಅಂಕ ಮುಟ್ಟಲಿಕ್ಕೆ ಆಗಬಾರದು. ಇಷ್ಟೇ. ಹಾಗಾದರೆ ಆ ಎರಡು ವರ್ಷ ನಾವು ಏನು ಮಾಡುತ್ತಿದ್ದೆವು? ಯಾರೂ ಸುಮ್ನೆ ಕೂತಿರಲಿಲ್ಲ. ರಾತ್ರಿ ಎಂಟರವರೆಗೂ ಕೆಲಸ ಮಾಡುತ್ತಿದ್ದೆವು. ಆ ವರ್ಷ ನಾಲ್ಕು ತಿಂಗಳು ಒಂದು ಮೊಬೈಲ್ ಆ್ಯಪಿಗೆ ಹೋಗಿತ್ತು. ಒಂದು ಸಮಾರಂಭದ ದಿನ ಅದನ್ನು ಬಿಡುಗಡೆ ಮಾಡಬೇಕಿತ್ತು, ದೊಡ್ಡವರು ಕೇಳಿದ್ದರು, ನಾವು ಮಾಡಿದೆವು. ಸಮಾರಂಭ ಮುಗಿದ ಮೇಲೆ ಅದನ್ನು ಬಳಸಿದವರು ಬಹಳ ಕಡಿಮೆ.

ಅದಾದ ಮೇಲೆ ನಾವು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಒಂದು ದೊಡ್ಡ ರಿಜಿಸ್ಟರ್ ತಂದು, ಬಾಕಿ ಇರುವ ಬೇಡಿಕೆಗಳನ್ನೆಲ್ಲ ಬರೆದೆವು. ಕೆಲವು ಪತ್ರದಲ್ಲಿ ಬಂದಿದ್ದವು. ಕೆಲವು ಫೋನಿನಲ್ಲಿ, ಕೆಲವು ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ. ಇನ್ನು ಕೆಲವು ನಮ್ಮ ಹುಡುಗರ ತಲೆಯಲ್ಲಿ ಮಾತ್ರ ಇದ್ದವು. ಒಟ್ಟು 43 ಆದವು. ಮಾಡುವವರು ಆರು ಜನ. ಆವಕ-ಜಾವಕ ಪುಸ್ತಕ ಇಲ್ಲದ ಕಚೇರಿ ಇಲ್ಲ, ಅಲ್ವಾ? ಒಂದು ಕಾಗದ ಬಂದರೂ ನಂಬರು ಬೀಳುತ್ತದೆ. ಆದರೆ ಲಕ್ಷಗಟ್ಟಲೆ ರೂಪಾಯಿಯ, ತಿಂಗಳುಗಟ್ಟಲೆ ಶ್ರಮದ ಈ ಕೆಲಸಗಳಿಗೆ ಒಂದೇ ಕಡೆ ಒಂದು ಪಟ್ಟಿ ಇರಲಿಲ್ಲ.

ಪಟ್ಟಿ ಆಯಿತು. ಸರದಿ ಹಚ್ಚುವುದು ಹೇಗೆ? ಇಲ್ಲಿ ನನಗೆ ನೆನಪಾಗಿದ್ದು ನಮ್ಮೂರಿನ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ, ಕೊನೆ ಕೊಯ್ಯುವ ಮನುಷ್ಯ.

ನೀವೆಲ್ಲ ಬಲ್ಲಿರಿ. ಮೇ ಕೊನೆ, ಜೂನ್ ಮೊದಲ ವಾರ ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಹೊಡೆಯುವ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಊರಿಗೆಲ್ಲ ಮರ ಹತ್ತುವವರು ಒಬ್ಬರೋ ಇಬ್ಬರೋ. ತೋಟ ಇಪ್ಪತ್ತು. ಮಳೆ ಹಿಡಿಯೋದ್ರೊಳಗೆ ಎಲ್ಲರಿಗೂ ಆಗಬೇಕು. ನಾನು ಹುಡುಗನಿದ್ದಾಗ ಒಂದು ದಿನ ಅಪ್ಪಯ್ಯ ಕೊನೆಗೌಡನನ್ನು ಕಾಯುತ್ತಾ ಅಂಗಳದಲ್ಲಿ ನಿಂತಿದ್ದ. ಆತ ಬಂದ, ಕೈಕಾಲು ತೊಳೆದ, ಬೆಲ್ಲ ನೀರು ಕುಡಿದ. ಆಮೇಲೆ ಹೇಳಿದ, "ಹೆಗಡೇರೆ, ಇವತ್ತು ಕೆಳಗಿನ ಮನೆಯವರದ್ದು ಮಾಡ್ತೆ. ಅವರದ್ದು ತಗ್ಗಿನ ತೋಟ, ಗಾಳಿ ಆಡೋದಿಲ್ಲ. ಮಳೆ ಬಿದ್ರೆ ಮೊದಲು ಕೊಳೆ ಬರೋದು ಅಲ್ಲೇ. ನಿಮ್ಮದು ನಾಡಿದ್ದಾದ್ರೂ ನಡೀತದೆ." ಅಪ್ಪಯ್ಯನಿಗೆ ಬೇಸರ ಆಗಿದ್ದು ನನಗೆ ಕಾಣುತ್ತಿತ್ತು. ಆದರೂ ಹೂಂ ಅಂದ. ಕಾರಣ ಕಣ್ಣಿಗೆ ಕಾಣುವಂತಿತ್ತು. ಸರದಿ ಯಾವತ್ತು ಅನ್ನುವುದೂ ಗೊತ್ತಾಯಿತು.

ಕೊನೆಗೌಡ ನೋಡಿದ್ದು ಯಾರ ತೋಟ ದೊಡ್ಡದು ಅಂತ ಅಲ್ಲ. ಕಾಯಿಸಿದರೆ ಎಲ್ಲಿ ಜಾಸ್ತಿ ಹಾಳಾಗುತ್ತದೆ ಅಂತ. ನಮ್ಮ 43 ಕೆಲಸಗಳಿಗೂ ನಾವು ಅದನ್ನೇ ಕೇಳಲು ಶುರು ಮಾಡಿದೆವು. ಈ ಕೆಲಸ ಆರು ತಿಂಗಳು ತಡವಾದರೆ ಯಾರಿಗೆ ಏನಾಗುತ್ತದೆ? ಉತ್ತರವನ್ನು ಎರಡೇ ಸಾಲಿನಲ್ಲಿ ಬರೆಯಬೇಕು, ಅದೂ ಕೆಲಸ ಕೇಳಿದ ವಿಭಾಗದವರೇ. ಬರೆಯಲು ಕೂತಾಗ ಹತ್ತು ಬೇಡಿಕೆಗಳು ತಾವೇ ಬಿದ್ದುಹೋದವು. ಕೇಳಿದವರೇ "ಬಿಡಿ ಸಾರ್, ಈಗ ಅದು ಬೇಕಾಗಿಲ್ಲ" ಅಂದರು.

ಅದಕ್ಕೂ ಮೊದಲು ಅಂಕ ಹಾಕುವ ಪದ್ಧತಿ ಮಾಡಿ ನೋಡಿದ್ದೆವು. ಉಪಯೋಗಕ್ಕೆ ಇಷ್ಟು, ಖರ್ಚಿಗೆ ಇಷ್ಟು, ಅಪಾಯಕ್ಕೆ ಇಷ್ಟು, ಎಲ್ಲ ಕೂಡಿಸಿ ಒಂದು ಮೊತ್ತ. ಬಹಳ ಕಡೆ ಈ ಪದ್ಧತಿ ಇದೆ. ನನಗೆ ಅದು ಸರಿಬರಲಿಲ್ಲ. ಎಲ್ಲರೂ ತಮ್ಮ ಕೆಲಸಕ್ಕೆ ಹತ್ತಕ್ಕೆ ಹತ್ತು ಹಾಕಿಕೊಂಡು ಬರುತ್ತಿದ್ದರು. ಆಮೇಲೆ ಚರ್ಚೆ ನಡೆಯುವುದು ಅಂಕದ ಬಗ್ಗೆ, ಕೆಲಸದ ಬಗ್ಗೆ ಅಲ್ಲ.

ಇನ್ನೊಂದು ಲೆಕ್ಕ ಮಾತ್ರ ಬಿಡಬಾರದು. ಆರು ಜನ ಇದ್ದಾರೆ ಅಂದರೆ ಆರು ಜನರ ಸಮಯವೂ ಹೊಸ ಕೆಲಸಕ್ಕೆ ಸಿಗುತ್ತದೆ ಅಂತ ಮೇಲಿನವರು ತಿಳಿದಿರುತ್ತಾರೆ. ಹಾಗಿಲ್ಲ. ನಡೆಯುತ್ತಿರುವುದನ್ನು ನಡೆಸಿಕೊಂಡು ಹೋಗಲಿಕ್ಕೇ ನಮಗೆ ನಾಲ್ಕು ಜನ ಬೇಕಾಗುತ್ತಿದ್ದರು. ಸರ್ವರ್ ನೋಡಿಕೊಳ್ಳಬೇಕು. ಬ್ಯಾಕಪ್ ತೆಗೆಯಬೇಕು, ತೆಗೆದ ಬ್ಯಾಕಪ್ಪಿನಿಂದ ಮಾಹಿತಿ ವಾಪಸ್ ಬರುತ್ತದೆಯೋ ಅಂತ ನಿಜವಾಗಿ ಹಾಕಿ ನೋಡಬೇಕು. ಸೈಬರ್ ದಾಳಿಯಂಥದ್ದೇನಾದರೂ ಆದರೆ ಗೊತ್ತಾದ ಆರು ಗಂಟೆಯೊಳಗೆ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಅಂತ 2022ರಿಂದ ನಿಯಮವೇ ಇದೆ. ವಿದ್ಯಾರ್ಥಿಗಳದ್ದೂ ಸೇರಿ ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಬಗ್ಗೆ 2023ರಲ್ಲಿ ಕಾಯ್ದೆ ಬಂದಿದೆ. ಇವುಗಳನ್ನು ಮಾಡಿ ಅಂತ ಯಾವ ವಿಭಾಗವೂ ಪತ್ರ ಬರೆಯುವುದಿಲ್ಲ. ಹಾಗಾಗಿ ಇವು ಪಟ್ಟಿಗೇ ಬರುವುದಿಲ್ಲ. ನನ್ನ ಮಾತು ಕೇಳುವುದಾದರೆ, ಇವಕ್ಕೆ ಬೇಕಾದ ಸಮಯವನ್ನು ಮೊದಲೇ ತೆಗೆದಿಡಿ. ಉಳಿದದ್ದನ್ನು ಮಾತ್ರ ಹೊಸ ಕೆಲಸಕ್ಕೆ ಹಂಚಿ. ನಮಗೆ ಉಳಿದದ್ದು ಇಬ್ಬರ ಸಮಯ.

ಇಬ್ಬರು ಒಟ್ಟಿಗೆ ಎಷ್ಟು ಕೆಲಸ ಹಿಡಿದುಕೊಳ್ಳಬಹುದು? ನಾವು 12 ಹಿಡಿದುಕೊಂಡಿದ್ದೆವು. ಎಲ್ಲರಿಗೂ "ನಿಮ್ಮದು ನಡೀತಾ ಇದೆ" ಅಂತ ಹೇಳಬಹುದಲ್ಲ, ಅದಕ್ಕೆ. ಇಲ್ಲಿ ಒಂದು ಸರಳ ಲೆಕ್ಕ ಇದೆ. ಜಾನ್ ಲಿಟಲ್ ಅನ್ನುವ ವಿದ್ವಾಂಸರು 1961ರಲ್ಲಿ ಸಾಬೀತು ಮಾಡಿ ತೋರಿಸಿದ್ದು. ಸಾಲಿನಲ್ಲಿ ಎಷ್ಟು ಜನ ಇದ್ದಾರೆ, ಗಂಟೆಗೆ ಎಷ್ಟು ಜನರ ಕೆಲಸ ಮುಗಿಯುತ್ತದೆ ಅನ್ನುವುದು ಗೊತ್ತಿದ್ದರೆ, ಸರಾಸರಿ ಎಷ್ಟು ಹೊತ್ತು ಕಾಯಬೇಕು ಅಂತ ಹೇಳಬಹುದು. ನಮ್ಮ ಕೈಯಲ್ಲಿ 12 ಕೆಲಸ, ವರ್ಷಕ್ಕೆ ಮುಗಿಯುವುದು ನಾಲ್ಕು. ಅಂದರೆ ಕೈಗೆತ್ತಿಕೊಂಡ ಒಂದೊಂದು ಕೆಲಸ ಮುಗಿಯಲು ಸರಾಸರಿ ಮೂರು ವರ್ಷ. ಕೈಯಲ್ಲಿ ನಾಲ್ಕನ್ನೇ ಇಟ್ಟುಕೊಂಡರೆ, ಮುಗಿಸುವ ವೇಗ ಅಷ್ಟೇ ಇದ್ದರೂ, ಹಿಡಿದದ್ದು ಸರಾಸರಿ ಒಂದು ವರ್ಷದಲ್ಲಿ ಮುಗಿಯುತ್ತದೆ. ಉಳಿದ ಎಂಟು ಶುರುವೇ ಆಗುವುದಿಲ್ಲ, ನಿಜ. ಆದರೆ ಶುರುವಾಗಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಅವರು ತಮ್ಮ ರಿಜಿಸ್ಟರು, ಎಕ್ಸೆಲ್ ಇಟ್ಟುಕೊಂಡು ಕೆಲಸ ಸಾಗಿಸಲು ಬೇರೆ ದಾರಿ ಮಾಡಿಕೊಳ್ಳಬಹುದು. "ನಡೀತಾ ಇದೆ" ಅಂತ ಮೂರು ವರ್ಷ ಕೇಳಿಸಿಕೊಳ್ಳುವುದಕ್ಕಿಂತ "ಈ ವರ್ಷ ಆಗೋದಿಲ್ಲ" ಅನ್ನುವ ಮಾತು ಎಷ್ಟೋ ಒಳ್ಳೆಯದು.

ಹಾಗೆ ಹೇಳುವವರು ಯಾರು? ಕಂಪ್ಯೂಟರ್ ವಿಭಾಗದವರು ಹೇಳಿದರೆ ನಡೆಯುವುದಿಲ್ಲ, ಹೇಳಲೂಬಾರದು. ಪರೀಕ್ಷೆ ಮುಖ್ಯವೋ ಹಾಸ್ಟೆಲ್ ಮುಖ್ಯವೋ ಅಂತ ತೀರ್ಮಾನಿಸಲು ನಾವು ಯಾರು? ನಾವು ಮೂರು ತಿಂಗಳಿಗೊಮ್ಮೆ ಸೇರುವ ಒಂದು ಸಮಿತಿ ಮಾಡಿಸಿದೆವು. ಕುಲಸಚಿವರು, ಮೌಲ್ಯಮಾಪನ ಕುಲಸಚಿವರು, ಹಣಕಾಸು ಅಧಿಕಾರಿ. ಜೊತೆಗೆ ಒಬ್ಬ ಕಾಲೇಜಿನ ಪ್ರಾಂಶುಪಾಲರು ಮತ್ತು ಕೌಂಟರಿನಲ್ಲಿ ಕೂರುವ ಒಬ್ಬ ದ್ವಿತೀಯ ದರ್ಜೆ ಸಹಾಯಕರು, ಅಂದರೆ ಎಸ್‌ಡಿಎ. ಕೊನೆಯ ಇಬ್ಬರನ್ನು ಸೇರಿಸಲು ನಾನು ಬಹಳ ಹೋರಾಡಬೇಕಾಯಿತು. ಸೇರಿಸಿದ್ದರಿಂದಲೇ ಹೆಸರು ತಿದ್ದುವ ಸ್ಕ್ರೀನು 31ನೇ ಜಾಗದಿಂದ ಎರಡಕ್ಕೆ ಬಂತು. ಆ ಎಸ್‌ಡಿಎ ಅಮ್ಮ ಒಂದೇ ಮಾತು ಹೇಳಿದರು, "ನನ್ನ ಕಿಟಕಿಗೆ ದಿನಾ ಬರುವವರಲ್ಲಿ ಅರ್ಧ ಜನ ಹೆಸರಿಗಾಗಿಯೇ ಬರ್ತಾರೆ."

ಸಮಿತಿಗೆ ಒಂದು ಕಟ್ಟುಪಾಡು ಇತ್ತು. ನಡುವೆ ಯಾರೇ ಹೊಸ ಕೆಲಸ ತಂದರೂ ಸರಿ, ಕೈಯಲ್ಲಿರುವ ನಾಲ್ಕರಲ್ಲಿ ಯಾವುದನ್ನು ನಿಲ್ಲಿಸಬೇಕು ಅಂತ ಅವರೇ ಬರೆದು ಕೊಡಬೇಕು. ಒಂದು ಒಳಗೆ ಬಂದರೆ ಒಂದು ಹೊರಗೆ. ಎಷ್ಟು ದೊಡ್ಡವರಾದರೂ ಸರಿ. ಇನ್ನೊಂದು, ಕೆಲಸ ಕೇಳಿದ ವಿಭಾಗ ತನ್ನ ಒಬ್ಬ ಅನುಭವಿ ಗುಮಾಸ್ತರನ್ನು ವಾರಕ್ಕೆ ಎರಡು ಅರ್ಧ ದಿನ ನಮ್ಮ ಜೊತೆ ಕೂರಿಸಬೇಕು. ಕೂರಿಸಲು ಆಗದಿದ್ದರೆ ಆ ಕೆಲಸ ಸರದಿಯಲ್ಲಿ ಹಿಂದಕ್ಕೆ. ಇದು ಕಠಿಣ ಅನ್ನಿಸಬಹುದು. ಆದರೆ ನಿಯಮ ಬಲ್ಲವರು ಜೊತೆಗಿಲ್ಲದೆ ಮಾಡಿದ ಸಾಫ್ಟ್‌ವೇರು ಕೊನೆಗೆ ಮೂಲೆ ಸೇರುವುದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ.

ಈಗ ಕರಾವಳಿಯ ಒಂದು ವಿಷಯ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ಎಲ್ಲಿದ್ದೆವು ಅಂತ ನೆನಪಿದೆ. ಹೋದ ಜೀವಗಳನ್ನು ನೆನೆದರೆ ಈಗಲೂ ಮಾತು ಬರುವುದಿಲ್ಲ. ಹೆದ್ದಾರಿ 66 ಬಂದ್ ಆಯಿತು. ಮೂರು ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಜುಲೈ, ಆಗಸ್ಟ್ ಅಂದರೆ ಕಾಲೇಜುಗಳಲ್ಲಿ ಪ್ರವೇಶ, ಶುಲ್ಕ, ಅರ್ಜಿಗಳ ಗಡಿಬಿಡಿ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದಾರೆ. ದೂರದ ಕಂಪ್ಯೂಟರಿಗೆ ಮಾತ್ರ ಇವೆಲ್ಲ ತಿಳಿಯುವುದಿಲ್ಲ. ಕೊನೆಯ ದಿನಾಂಕ ಮುಗಿದ ಕ್ಷಣ ಅದು ಬಾಗಿಲು ಹಾಕುತ್ತದೆ.

ನಾನು ನೋಡಿದ ಒಂದು ಪದ್ಧತಿಯಲ್ಲಿ ಕೊನೆಯ ದಿನಾಂಕವನ್ನು ಪ್ರೋಗ್ರಾಮಿನ ಒಳಗೇ ಬರೆದಿಟ್ಟಿದ್ದರು. ಮುಂದೂಡಬೇಕಾದರೆ ಆದೇಶ ಆಗಬೇಕು, ಆಮೇಲೆ ಕಂಪನಿಯ ಪ್ರೋಗ್ರಾಮರ್ ಸಿಗಬೇಕು, ಆತ ಬದಲಿಸಬೇಕು. ಅದರ ಬದಲು ಅಧಿಕಾರಿಯ ಸ್ಕ್ರೀನಿನಲ್ಲೇ ದಿನಾಂಕ ಬದಲಿಸುವ ಒಂದು ಜಾಗ ಇರಬೇಕು. ಒಂದು ತಾಲೂಕಿನ ಕಾಲೇಜುಗಳಿಗೆ ಮಾತ್ರ ಮುಂದೂಡಲಿಕ್ಕೂ ಬರಬೇಕು. ಅರ್ಧ ತುಂಬಿದ ಅರ್ಜಿ ನೆಟ್ ಹೋದರೂ ಉಳಿದಿರಬೇಕು. ಇವು ನಾಲ್ಕಾರು ದಿನದ ಕೆಲಸಗಳು. ಜೊಯಿಡಾದ ಒಂದು ಹಳ್ಳಿಯಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ನಿಂತು ಅರ್ಜಿ ತುಂಬುವ ಮಗುವಿಗೆ ಇದು ಯಾವ ದೊಡ್ಡ ಯೋಜನೆಗಿಂತಲೂ ದೊಡ್ಡದು. ಆದರೆ ಇಂಥವನ್ನು ಕೇಳುವ ವಿಭಾಗ ಯಾವುದೂ ಇಲ್ಲ. ಅದಕ್ಕೇ ನಮ್ಮ ಸಮಯದಲ್ಲಿ ಐದನೇ ಒಂದು ಪಾಲನ್ನು ಸಣ್ಣ ಕೆಲಸಗಳಿಗೆ ಅಂತಲೇ ಕಟ್ಟಿಟ್ಟೆವು. ವಾರದೊಳಗೆ ಮುಗಿಯುವಂಥದ್ದಾದರೆ ಸಮಿತಿಗೂ ಹೋಗಬೇಕಾಗಿಲ್ಲ.

ಕ್ಯಾಲೆಂಡರ್ ಬಗ್ಗೆ ಒಂದು ಮಾತು. ಫಲಿತಾಂಶದ ಹಿಂದಿನ ಮೂರು ವಾರ, ಪ್ರವೇಶದ ಮೊದಲ ಮೂರು ವಾರ, ಮಾರ್ಚ್ ಕೊನೆ, ಈ ಹೊತ್ತಿನಲ್ಲಿ ನಡೆಯುತ್ತಿರುವ ವ್ಯವಸ್ಥೆಗೆ ಕೈ ಹಾಕಬೇಡಿ. ಹೊಸದನ್ನು ಪರೀಕ್ಷೆಯ ಮಧ್ಯೆ ಬಿಟ್ಟರೆ ತಪ್ಪು ನಿಮ್ಮದಲ್ಲದಿದ್ದರೂ ಮಕ್ಕಳ ಎದೆ ಒಡೆಯುತ್ತದೆ.

ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತಕ್ಕೆ ಒಂದೇ ಕಂಪ್ಯೂಟರ್ ವ್ಯವಸ್ಥೆಯಾದ ರಾಜ್ಯ ಸರ್ಕಾರದ ಯುಯುಸಿಎಂಎಸ್ 2021ರಲ್ಲಿ ಬಂದ ಮೇಲೆ ಲೆಕ್ಕಾಚಾರವೇ ಬದಲಾಗಿದೆ. ಪ್ರವೇಶದಿಂದ ಪರೀಕ್ಷೆಯವರೆಗೆ ಬಹಳಷ್ಟು ಅದರಲ್ಲೇ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟುಗಳ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕೂಡ ಅದೇ ವರ್ಷದ್ದು. ಡಿಜಿಲಾಕರ್ 2015ರಿಂದ ಇದೆ. ಇವು ಕೊಡುವುದನ್ನೇ ವಿಶ್ವವಿದ್ಯಾಲಯ ಮತ್ತೆ ಸ್ವಂತ ಖರ್ಚಿನಲ್ಲಿ ಕಟ್ಟಲು ಹೋಗಬಾರದು. ಕಟ್ಟಿದರೆ ನಿಮ್ಮ ಗುಮಾಸ್ತರು ಒಂದೇ ಮಗುವಿನ ವಿವರವನ್ನು ಎರಡು ಕಡೆ ಟೈಪ್ ಮಾಡುತ್ತಾರೆ, ಎರಡು ಕಡೆ ಎರಡು ಹೆಸರು ಬೀಳುತ್ತವೆ. ಆ ಹುಡುಗಿಯ ಕಥೆ ಮತ್ತೆ ಶುರು. ಹೆಸರು ಆಧಾರ್‌ಗೆ ತಾಳೆಯಾಗದಿದ್ದರೆ ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ತೆಗೆಯಲು ತೊಂದರೆ ಬರುತ್ತದೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ, ಪ್ರವೇಶದ ವಾರದಲ್ಲೇ, ಎಸ್ಸೆಸ್ಸೆಲ್ಸಿ ಕಾರ್ಡು ಮತ್ತು ಆಧಾರ್ ಎದುರಿಗಿಟ್ಟು ಹೆಸರು ನೋಡಿಕೊಳ್ಳಿ. ಇದಕ್ಕೆ ಸಾಫ್ಟ್‌ವೇರ್ ಬೇಕಾಗಿಲ್ಲ, ಒಂದು ವಾರದ ತಾಳ್ಮೆ ಸಾಕು.

ಹೊರಗಿನ ಕಂಪನಿಗೆ ಕೆಲಸ ಕೊಡುವುದಾದರೆ ಟೆಂಡರ್ ನಿಯಮ ನೀವು ಬಲ್ಲಿರಿ, ಹೆಚ್ಚು ಹೇಳುವುದಿಲ್ಲ. ಕರಾರು ಮುಗಿದ ದಿನ ಎಲ್ಲ ಮಾಹಿತಿ ಬೇರೆಯವರೂ ಓದಬಲ್ಲ ರೂಪದಲ್ಲಿ ನಮ್ಮ ಕೈಗೆ ಬರಬೇಕು ಅನ್ನುವ ಸಾಲು ಇದೆಯೋ ಇಲ್ಲವೋ ನೋಡಿ ಸಹಿ ಹಾಕಿ.

ತಡವಾದರೂ ನಡೆಯುವ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಳೇ ಸಭೆಗಳ ನಡಾವಳಿಗಳೆಲ್ಲ ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿವೆ. ಎಲ್ಲ ಕಂಪ್ಯೂಟರೂ ಒಂದೇ ರೀತಿ ಓದುವ ಯೂನಿಕೋಡ್ ಅಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಇನ್ನೊಂದು ಕಡೆ ಅಂಟಿಸಿದರೆ ಅಕ್ಷರ ಕಲಸಿಹೋಗುತ್ತವೆ. ಕನ್ನಡದ ಮೇಲಿನ ಪ್ರೀತಿಗೆ ನನಗೂ ಎಲ್ಲವನ್ನೂ ಕೂಡಲೇ ಬದಲಿಸಬೇಕು ಅನ್ನಿಸುತ್ತಿತ್ತು. ಆದರೆ ಕೊನೆಗೌಡನ ಪ್ರಶ್ನೆ ಕೇಳಿಕೊಂಡೆ. ಆರು ತಿಂಗಳು ಬಿಟ್ಟರೆ ಕೊಳೆ ಬರುತ್ತದೆಯೇ? ಬರುವುದಿಲ್ಲ, ಆ ಕಡತಗಳು ಅಲ್ಲೇ ಇರುತ್ತವೆ. ಹಾಗಾಗಿ ಅದನ್ನು ಕೆಳಗಿಟ್ಟೆವು. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡಿನಲ್ಲೇ ಅಂತ ಒಂದು ಸುತ್ತೋಲೆ ಮಾತ್ರ ಹೊರಡಿಸಿದೆವು. ರಾಶಿ ಇನ್ನಷ್ಟು ಬೆಳೆಯುವುದಾದರೂ ನಿಂತಿತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ನಿಂತರು. ಕರಾವಳಿಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವವರು. "ಸರ್, ನೀವು ಹೇಳೋದೆಲ್ಲ ಸರಿ. ನಮ್ಮ ಮಾತು ಅಷ್ಟು ದೂರದ ಸಮಿತಿಗೆ ಯಾರು ಮುಟ್ಟಿಸ್ತಾರೆ?" ಅಂತ ಕೇಳಿದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ನಾನು ಅವರಿಗೆ ಹೇಳಿದ್ದು ಇಷ್ಟು. ನಾಳೆಯಿಂದ ಒಂದು ತಿಂಗಳು ನಿಮ್ಮ ಕಿಟಕಿಯ ಹತ್ತಿರ ಒಂದು ನೋಟ್‌ಬುಕ್ ಇಡಿ ಅಕ್ಕಾ. ನಾಲ್ಕು ಗೀಟು ಎಳೆಯಿರಿ. ಯಾವ ಊರಿನಿಂದ ಬಂದರು, ಯಾವ ಕೆಲಸಕ್ಕೆ, ಇದು ಎಷ್ಟನೇ ಸಲ, ಇವತ್ತು ಆಯಿತೋ ಇಲ್ಲವೋ. ಹೆಸರು ಬರೆಯಬೇಡಿ, ಬೇಕಾಗಿಲ್ಲ. ತಿಂಗಳ ಕೊನೆಗೆ ಎಣಿಸಿ, ಒಂದು ಹಾಳೆಯಲ್ಲಿ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ ಕುಲಸಚಿವರಿಗೆ ಕಳಿಸಿ, ನಿಮ್ಮ ಜಾವಕ ನಂಬರು ಹಾಕಿಯೇ ಕಳಿಸಿ. ಹತ್ತು ಕಾಲೇಜಿನವರು ಒಂದೇ ತಿಂಗಳಲ್ಲಿ ಹೀಗೆ ಕಳಿಸಿದರೆ ಅದನ್ನು ಬದಿಗಿಡುವುದು ಯಾವ ಕಚೇರಿಗೂ ಸುಲಭ ಅಲ್ಲ.

ಅವರು ಕೂತರು. ಪಕ್ಕದಲ್ಲಿದ್ದವರ ಪೆನ್ನು ಇಸಿದುಕೊಂಡು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲೇ ನಾಲ್ಕು ಗೀಟು ಎಳೆಯತೊಡಗಿದರು. ಊಟಕ್ಕೆ ಎದ್ದಾಗ ಹತ್ತಿರ ಬಂದು, "ಐದನೇದೊಂದು ಹಾಕ್ತೇನೆ ಸರ್, ಬಸ್ ಚಾರ್ಜು" ಅಂದರು.